ಬೆಟ್ಟ ನೋಡಲು ಬರುವವರಿಗೆ ಹೇಳುವ ಮಾತು

ಸದಸ್ಯ ಬಾಂಧವರಿಗೆ ಇದು ಹೊಸ ಸುದ್ದಿಯೇನಲ್ಲ. ಮಳೆ ಹಿಂದಾಗಿ ಬೆಟ್ಟಗಳು ಹಸಿರು ಹೊದ್ದು ನಿಂತಾಗ, ದಸರಾ ರಜೆ ಬಂದಾಗ, ಶನಿವಾರ ಭಾನುವಾರಕ್ಕೆ ಮತ್ತೊಂದು ರಜೆ ಕೂಡಿಕೊಂಡಾಗ ನಮ್ಮ ಮಲೆನಾಡು ಮತ್ತು ಕೊಡಗಿನ ರಸ್ತೆಗಳಲ್ಲಿ ಕಾಲಿಡಲು ಜಾಗವಿಲ್ಲದಷ್ಟು ವಾಹನಗಳು. ಮುಳ್ಳಯ್ಯನಗಿರಿಗೆ, ಕುದುರೆಮುಖಕ್ಕೆ, ಮಾಂದಲಪಟ್ಟಿಗೆ, ಕುಮಾರಪರ್ವತಕ್ಕೆ ಹೋಗುವವರು ನಮ್ಮ ಬೇಲಿಯ ಪಕ್ಕದಲ್ಲೇ ಹಾದು ಹೋಗುತ್ತಾರೆ. ಎಷ್ಟೋ ಜಲಪಾತಗಳಿಗೆ ದಾರಿ ಇರುವುದೇ ತೋಟದೊಳಗಿನಿಂದ. ಮಡಿಕೇರಿ ಹತ್ತಿರದ ಅಬ್ಬಿ ಜಲಪಾತವನ್ನು ನೋಡಿ ಬಂದವರಿಗೆಲ್ಲ ಕಾಫಿ ಗಿಡಗಳ ನಡುವಿನ ಆ ಕಾಲುದಾರಿ ನೆನಪಿದ್ದೇ ಇರುತ್ತದೆ.

ಇವರು ಬರುವುದರಿಂದ ನಮಗೆ ಏನೂ ಲಾಭವಿಲ್ಲವೆಂದರೆ ಅದು ಸುಳ್ಳಾಗುತ್ತದೆ. ಧಾರಣೆ ಕುಸಿದ ವರ್ಷಗಳಲ್ಲಿ ಹೋಂಸ್ಟೇ ನಡೆಸಿ ಮಕ್ಕಳ ಫೀಸು ಕಟ್ಟಿದ ಮನೆಗಳು ಮಲೆನಾಡಿನಲ್ಲಿ ಅನೇಕ ಇವೆ. ಮನೆಯಲ್ಲೇ ಹುರಿದು ಪುಡಿ ಮಾಡಿದ ಕಾಫಿ, ಕಾಳುಮೆಣಸು, ಏಲಕ್ಕಿ, ಜೇನುತುಪ್ಪ ಇವುಗಳಿಗೆ ಬಾಗಿಲಲ್ಲೇ ಗಿರಾಕಿ ಸಿಗುವುದು ಪ್ರವಾಸಿಗರಿಂದ. ಆದುದರಿಂದ ಬೆಟ್ಟಕ್ಕೆ ಯಾರೂ ಬರುವುದೇ ಬೇಡ ಎಂಬ ವಾದ ನಮ್ಮದಲ್ಲ. ಬೆಟ್ಟ ಎಲ್ಲರದೂ ಹೌದು. ಆದರೆ ಬಂದವರು ಹೋದ ಮೇಲೆ ಉಳಿಯುವುದನ್ನು ಎತ್ತಬೇಕಾದವರು ನಾವು, ಕುಡಿಯಬೇಕಾದವರೂ ನಾವು. ಹೀಗಿರುವಾಗ ಬರುವವರು ಬೆಟ್ಟದಲ್ಲಿ ಹೇಗೆ ನಡೆದುಕೊಳ್ಳಬೇಕೆಂಬುದನ್ನು ಹೇಳುವ ಹಕ್ಕೂ ಹೊಣೆಯೂ ನಮಗಿದೆ. ಹೇಳುವುದಕ್ಕೂ ಒಂದು ಕ್ರಮವಿದೆ. ಸರಿಯಾಗಿ ಹೇಳಿದರೆ ಕೇಳುತ್ತಾರೆ, ತಪ್ಪಾಗಿ ಹೇಳಿದರೆ ಕೇಳುವುದಿಲ್ಲ. ಅಷ್ಟೇ ಅಲ್ಲ, ಕೆಲವೊಮ್ಮೆ ಇದ್ದದ್ದಕ್ಕಿಂತ ಕೆಡುತ್ತದೆ ಎಂಬುದನ್ನು ಈ ಲೇಖನದಲ್ಲಿ ಸದಸ್ಯರ ಗಮನಕ್ಕೆ ತರಲು ಬಯಸುತ್ತೇವೆ.

ನಮಗೇಕೆ ಈ ಚಿಂತೆ?

ಮೊದಲನೆಯದು ನೀರು. ನಮ್ಮ ಬೆಟ್ಟಗಳ ನೆತ್ತಿಯ ಮೇಲೆ ಹುಲ್ಲು, ಕಣಿವೆಯ ಮಡಿಲಲ್ಲಿ ಶೋಲಾ ಕಾಡು. ಈ ಜೋಡಿ ಮಳೆಗಾಲದ ನೀರನ್ನು ಹೀರಿಟ್ಟುಕೊಂಡು ಬೇಸಗೆಯ ತನಕ ತೊಟ್ಟು ತೊಟ್ಟಾಗಿ ಬಿಡುತ್ತದೆ. ತುಂಗೆ, ಭದ್ರೆಯರು ಹುಟ್ಟುವ ಗಂಗಾಮೂಲದಿಂದ ಹಿಡಿದು ಕಾವೇರಿ ಹುಟ್ಟುವ ತಲಕಾವೇರಿಯವರೆಗೆ ಇದೇ ವ್ಯವಸ್ಥೆ. ಯುನೆಸ್ಕೋ ಸಂಸ್ಥೆ 2012ರಲ್ಲಿ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅವುಗಳಲ್ಲಿ 10 ಕರ್ನಾಟಕದವು. ಐದು ಕುದುರೆಮುಖ ಗುಂಪಿನವು, ಐದು ತಲಕಾವೇರಿ ಗುಂಪಿನವು. ದೊಡ್ಡ ನದಿಗಳ ಮಾತು ಹಾಗಿರಲಿ. ನಮ್ಮ ಮನೆಯ ಹಿಂದಿನ ಹಳ್ಳ, ತೋಟದ ಕೆರೆ, ಹೂವಿಗೆ ಸ್ಪ್ರಿಂಕ್ಲರ್ ಹಾಕಲು ಎತ್ತುವ ನೀರು, ಅಡಿಕೆಗೆ ಬೋರ್ಡೋ ಕಲಸುವ ನೀರು, ಪಲ್ಪರಿಗೆ ಬಿಡುವ ನೀರು ಎಲ್ಲವೂ ಮೇಲಿನ ಬೆಟ್ಟದಿಂದಲೇ ಇಳಿದು ಬರಬೇಕು. ಮೇಲೆ ಅಬ್ಬಿಯಲ್ಲಿ ಒಂದು ಗುಂಪು ಶಾಂಪೂ ಹಚ್ಚಿ ಮಿಂದರೆ ನೊರೆ ಇಳಿಯುವುದು ನಮ್ಮ ಕೊಡಕ್ಕೆ. ಅದಕ್ಕೂ ಮೊದಲು ಹಳ್ಳದ ಮೀನುಮರಿ, ಕಪ್ಪೆ, ನೀರಹುಳಗಳಿಗೆ ಪೆಟ್ಟು ಬಿದ್ದಿರುತ್ತದೆ.

ಎರಡನೆಯದು ಗಾಜು ಮತ್ತು ಪ್ಲಾಸ್ಟಿಕ್. ರಸ್ತೆ ಬದಿಯ ಕಟ್ಟೆಯ ಮೇಲೆ ಕುಡಿದು ತೋಟದೊಳಕ್ಕೆ ಬೀಸಿದ ಬಾಟಲಿ ದರಗಿನ ಅಡಿ ಮುಚ್ಚಿಹೋಗುತ್ತದೆ. ಅದು ಮತ್ತೆ ಕಾಣುವುದು ಕೊಯ್ಲಿಗೋ ಕಳೆ ತೆಗೆಯಲಿಕ್ಕೋ ಬಂದವರ ಪಾದಕ್ಕೆ ಚುಚ್ಚಿದಾಗ. ತಿಂಡಿಯ ವಾಸನೆ ಉಳಿದ ಪ್ಲಾಸ್ಟಿಕ್ ಚೀಲವನ್ನು ದನ ತಿನ್ನುತ್ತದೆ, ಕಾಡಿನ ಪ್ರಾಣಿಯೂ ತಿನ್ನುತ್ತದೆ. ಹೊಟ್ಟೆ ಸೇರಿದ್ದು ಕರಗುವುದಿಲ್ಲ, ಹೊರಕ್ಕೂ ಸುಲಭವಾಗಿ ಬರುವುದಿಲ್ಲ. ಆನೆಯ ಲದ್ದಿಯಲ್ಲಿ ಪ್ಲಾಸ್ಟಿಕ್ ಕಾಣುವ ಕಾಲ ಇದು.

ಮೂರನೆಯದು ಮಂಗ. ಘಾಟಿಯ ತಿರುವುಗಳಲ್ಲಿ ಕಾರು ನಿಲ್ಲಿಸಿ ಮಂಗಗಳಿಗೆ ಬಿಸ್ಕತ್ತು, ಬಾಳೆಹಣ್ಣು ಎಸೆಯುವುದನ್ನು ಬಂದವರು ಪುಣ್ಯದ ಕೆಲಸವೆಂದು ಭಾವಿಸಿದ್ದಾರೆ. ಕಾಡಿನ ಹಣ್ಣು, ಚಿಗುರು ಹುಡುಕಿ ತಿನ್ನುತ್ತಿದ್ದ ಮಂಗ ಮನುಷ್ಯನ ಕೈ ನೋಡುವುದನ್ನು ಕಲಿಯುತ್ತದೆ. ವಾರದ ದಿನಗಳಲ್ಲಿ ಕಾರುಗಳು ಬಾರದಿದ್ದಾಗ ಅದೇ ಗುಂಪು ಎಲ್ಲಿಗೆ ಬರುತ್ತದೆ ಎಂಬುದನ್ನು ಏಲಕ್ಕಿ, ಬಾಳೆ, ಎಳೆ ಅಡಿಕೆ ಕಳೆದುಕೊಂಡವರಿಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ.

ನಾಲ್ಕನೆಯದು ಬೆಂಕಿ. ಫೆಬ್ರವರಿ, ಮಾರ್ಚಿ ತಿಂಗಳಲ್ಲಿ ಬೆಟ್ಟದ ಹುಲ್ಲು ಒಣಗಿ ನಿಂತಿರುತ್ತದೆ. ನಾವು ಹೂಮಳೆಗೆ ಮುಗಿಲು ನೋಡುತ್ತಿರುವ ಹೊತ್ತು ಅದು. ಆಗ ಒಂದು ಬೀಡಿಯ ತುಂಡು, ಅನ್ನ ಬೇಯಿಸಿ ಆರಿಸದೆ ಬಿಟ್ಟ ಒಂದು ಒಲೆ ಸಾಕು. ತಮಿಳುನಾಡಿನ ತೇಣಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ 2018ರ ಮಾರ್ಚಿಯಲ್ಲಿ ಹುಲ್ಲಿಗೆ ಹಿಡಿದ ಬೆಂಕಿಯಲ್ಲಿ ಸಿಕ್ಕಿಬಿದ್ದು 20ಕ್ಕೂ ಹೆಚ್ಚು ಮಂದಿ ಚಾರಣಿಗರು ಪ್ರಾಣ ಕಳೆದುಕೊಂಡರು. ಬೆಟ್ಟದ ಬೆಂಕಿ ಕಾಡನ್ನೂ ತೋಟವನ್ನೂ ಮಾತ್ರ ಸುಡುವುದಿಲ್ಲ, ನೋಡಲು ಬಂದವರನ್ನೂ ಬಿಡುವುದಿಲ್ಲ.

ಐದನೆಯದು ತುಳಿತ. ಒಬ್ಬ ನಡೆದರೆ ಹುಲ್ಲು ಏಳುತ್ತದೆ. ಸಾವಿರ ಜನ ಹೊಸ ಹೊಸ ಅಡ್ಡದಾರಿ ಹಿಡಿದರೆ ಹುಲ್ಲು ಸತ್ತು ಮಣ್ಣು ತೆರೆದುಕೊಳ್ಳುತ್ತದೆ. ಮೊದಲ ಮಳೆಗೆ ಆ ದಾರಿಯೇ ಕೊರಕಲು. ಜೀಪಿನ ಗಾಲಿಯ ಜಾಡಂತೂ ಇನ್ನೂ ಬೇಗ ಕೊರೆಯುತ್ತದೆ. ಮಾಂದಲಪಟ್ಟಿಯಲ್ಲಿ 2021ರಲ್ಲಿ ಕುರಿಂಜಿ ಅರಳಿ ಬೆಟ್ಟ ನೀಲಿಯಾದಾಗ ದೂರದೂರದಿಂದ ಜನ ಬಂದರು. ನೀಲಕುರಿಂಜಿ 12 ವರ್ಷಕ್ಕೊಮ್ಮೆ ಹೂ ಬಿಟ್ಟು, ಬೀಜ ಉದುರಿಸಿ ಸಾಯುವ ಗಿಡ. ಬೀಜ ಬೀಳುವ ಮುಂಚೆ ಅದನ್ನು ಕಿತ್ತರೆ ಅಥವಾ ತುಳಿದರೆ ಮುಂದಿನ 12 ವರ್ಷದ ಬೆಳೆಯನ್ನೇ ಕಿತ್ತ ಹಾಗೆ. ಹೂ ಕಿತ್ತು ಮುಡಿದವರಿಗೆ ಇದು ತಿಳಿದಿರಲಾರದು. ತಿಳಿಸಿದವರು ಯಾರು?

ಕಾನೂನು ಸಾಲದೆ?

ಇದನ್ನೆಲ್ಲ ಸರ್ಕಾರ ನೋಡಿಕೊಳ್ಳಲಿ ಎಂದು ಕೆಲವರು ಹೇಳುವುದುಂಟು. ಸರ್ಕಾರ ಸುಮ್ಮನೆ ಕುಳಿತಿಲ್ಲ. ಪ್ಲಾಸ್ಟಿಕ್ ಕೈಚೀಲಗಳನ್ನು ನಮ್ಮ ರಾಜ್ಯದಲ್ಲಿ 2016ರಲ್ಲೇ ನಿಷೇಧಿಸಲಾಗಿದೆ. ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ಸಾಮಾನುಗಳನ್ನು 2022ರ ಜುಲೈ 1ರಿಂದ ದೇಶಕ್ಕೆಲ್ಲ ಅನ್ವಯವಾಗುವಂತೆ ಕೇಂದ್ರ ಸರ್ಕಾರ ನಿಷೇಧಿಸಿತು. 2024ರ ಜನವರಿಯ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತದ ಹಾದಿಯಲ್ಲಿ ಜಾತ್ರೆಯಂತೆ ಜನ ಸೇರಿದ ಮೇಲೆ ಅರಣ್ಯ ಇಲಾಖೆ ಚಾರಣಕ್ಕೆ ತಡೆ ಹಾಕಿ, ಮುಂಗಡ ನೋಂದಣಿಯ ಪದ್ಧತಿಯನ್ನು ತಂದಿತು. ಮುಳ್ಳಯ್ಯನಗಿರಿ ಭಾಗಕ್ಕೆ ಹೋಗುವ ವಾಹನಗಳಿಗೂ ಚಿಕ್ಕಮಗಳೂರು ಜಿಲ್ಲಾಡಳಿತ 2025ರಲ್ಲಿ ಮುಂಗಡ ನೋಂದಣಿಯನ್ನು ಜಾರಿಗೆ ತಂದಿತು.

ಇವೆಲ್ಲ ಬೇಕಾದ ಕ್ರಮಗಳೇ. ಆದರೆ ಎಷ್ಟು ಜನ ಬೆಟ್ಟ ಹತ್ತಬೇಕೆಂದು ಚೀಟಿ ಹೇಳಬಲ್ಲುದೇ ಹೊರತು, ಹತ್ತಿದವನು ಖಾಲಿ ಬಾಟಲಿಯನ್ನು ಎಲ್ಲಿ ಹಾಕಬೇಕೆಂದು ಹೇಳಲಾರದು. ಪ್ರತಿ ತಿರುವಿನಲ್ಲಿ ಗಾರ್ಡ್ ನಿಲ್ಲಿಸುವಷ್ಟು ಸಿಬ್ಬಂದಿ ಯಾವ ಇಲಾಖೆಯಲ್ಲೂ ಇಲ್ಲ. ಯಾರೂ ನೋಡದಿದ್ದಾಗ ಮನುಷ್ಯ ಹೇಗೆ ನಡೆದುಕೊಳ್ಳುತ್ತಾನೆ ಎಂಬುದರ ಮೇಲೆ ಬೆಟ್ಟದ ಹಣೆಬರಹ ನಿಂತಿದೆ. ಕೆಲಸ ಆಗಬೇಕಾದದ್ದು ಅಲ್ಲಿ.

ಬೈದು ಬರೆದ ಬೋರ್ಡು

ನಮ್ಮ ರಸ್ತೆಗಳ ಪಕ್ಕದಲ್ಲಿ ಒಂದು ಬಗೆಯ ಬೋರ್ಡುಗಳು ಕಾಣುತ್ತವೆ. "ದಿನವೂ ನೂರಾರು ಜನ ಇಲ್ಲಿ ಕಸ ಹಾಕಿ ಹೋಗುತ್ತಿದ್ದಾರೆ, ನಾಚಿಕೆಯಾಗಬೇಕು" ಎಂಬ ಅರ್ಥದವು. ಬರೆಸಿದವರ ಸಂಕಟ ನಮಗೆ ಅರ್ಥವಾಗುತ್ತದೆ. ಆದರೆ ಅದರಿಂದ ಕಸ ಕಡಿಮೆಯಾಗುವುದೋ ಹೆಚ್ಚಾಗುವುದೋ?

ಅಮೆರಿಕದ ಅರಿಜೋನಾ ರಾಜ್ಯದಲ್ಲಿ ಕಲ್ಲಾಗಿ ಹೋದ ಪುರಾತನ ಮರಗಳ ಒಂದು ರಾಷ್ಟ್ರೀಯ ಉದ್ಯಾನವಿದೆ. ಬಂದವರು ಒಂದೊಂದು ಚೂರು ಕಿಸೆಗೆ ಹಾಕಿಕೊಂಡು ಹೋಗುವುದೇ ಅಲ್ಲಿನ ತೊಂದರೆ. ರಾಬರ್ಟ್ ಚಾಲ್ಡೀನಿ ಎಂಬ ಮನಶ್ಶಾಸ್ತ್ರಜ್ಞರೂ ಅವರ ಸಂಗಡಿಗರೂ ಅಲ್ಲಿ ಒಂದು ಪರೀಕ್ಷೆ ಮಾಡಿದರು. ಕಾಲುದಾರಿಗಳ ಮೇಲೆ ಗುರುತು ಮಾಡಿದ ಚೂರುಗಳನ್ನಿಟ್ಟು, ದಾರಿಯ ಬಾಯಲ್ಲಿ ಬೇರೆ ಬೇರೆ ಬೋರ್ಡು ನಿಲ್ಲಿಸಿ, ಎಷ್ಟು ಚೂರು ಮಾಯವಾದವೆಂದು ಎಣಿಸಿದರು. "ಹಿಂದೆ ಬಂದ ಅನೇಕರು ಇಲ್ಲಿಂದ ಚೂರುಗಳನ್ನು ಒಯ್ದು ಉದ್ಯಾನವನ್ನು ಹಾಳು ಮಾಡಿದ್ದಾರೆ" ಎಂಬ ಅರ್ಥದ ಬೋರ್ಡು ಇದ್ದಾಗ ನೂರಕ್ಕೆ 7.92ರಷ್ಟು ಚೂರು ಹೋದವು. "ದಯವಿಟ್ಟು ಚೂರುಗಳನ್ನು ಒಯ್ಯಬೇಡಿ" ಎಂದಷ್ಟೇ ಕೇಳಿಕೊಂಡಾಗ ಹೋದದ್ದು ನೂರಕ್ಕೆ 1.67.

ಏಕೆ ಹೀಗೆ? ಎಲ್ಲರೂ ಕೆಟ್ಟದಾಗಿ ನಡೆದುಕೊಳ್ಳುತ್ತಿದ್ದಾರೆ ಎಂದು ಬೋರ್ಡಿನಲ್ಲಿ ಬರೆದರೆ, ಓದಿದವನ ಮನಸ್ಸಿಗೆ ಇಳಿಯುವುದು "ನಾಚಿಕೆಯಾಗಬೇಕು" ಎಂಬ ಮಾತಲ್ಲ, "ಎಲ್ಲರೂ" ಎಂಬ ಮಾತು. ಎಲ್ಲರೂ ಮಾಡುವುದನ್ನು ನಾನೂ ಮಾಡಿದರೆ ಏನಂತೆ ಎಂಬ ಧೈರ್ಯವನ್ನು ನಾವೇ ಬಣ್ಣ ಬಳಿದು ಬರೆದು ಕೊಟ್ಟ ಹಾಗಾಗುತ್ತದೆ.

ಇದೇ ವಿದ್ವಾಂಸರು 1990ರಲ್ಲಿ ಪ್ರಕಟಿಸಿದ ಇನ್ನೊಂದು ಪರೀಕ್ಷೆಯನ್ನೂ ಗಮನಿಸಬಹುದು. ಕಾರು ನಿಲ್ಲಿಸುವ ಕಟ್ಟಡವೊಂದರಲ್ಲಿ ಕಾರುಗಳ ಗಾಜಿಗೆ ಕರಪತ್ರ ಸಿಕ್ಕಿಸಿಟ್ಟು, ಮಾಲೀಕರು ಬಂದು ಅದನ್ನು ಏನು ಮಾಡುತ್ತಾರೆಂದು ನೋಡಿದರು. ನೆಲ ಚೊಕ್ಕಟವಾಗಿದ್ದಾಗ ಕೆಳಗೆ ಎಸೆದವರು ನೂರಕ್ಕೆ 14. ನೆಲದ ಮೇಲೆ ಆಗಲೇ ಕಸ ಬಿದ್ದಿದ್ದಾಗ ನೂರಕ್ಕೆ 32. ಕಸ ಬಿದ್ದ ನೆಲದಲ್ಲಿ ಮತ್ತೊಬ್ಬ ಕಣ್ಣೆದುರೇ ಎಸೆಯುವುದನ್ನು ಕಂಡಾಗ ನೂರಕ್ಕೆ 54. ಜನ ಅವರೇ, ಕಾಗದ ಅದೇ. ಬದಲಾದದ್ದು ನೆಲ ಮತ್ತು ನೋಟ.

ಇದರಿಂದ ನಾವು ಕಲಿಯಬೇಕಾದದ್ದು ಸ್ಪಷ್ಟವಿದೆ. ಕಸವನ್ನು ಕರೆಯುವುದು ಕಸವೇ. ಭಾನುವಾರ ಸಂಜೆಯ ಕಸವನ್ನು ಸೋಮವಾರ ಬೆಳಗ್ಗೆ ತೆಗೆದರೆ ಮುಂದಿನ ಶನಿವಾರ ಬೀಳುವುದು ಕಡಿಮೆ. ವಾರವಿಡೀ ಬಿಟ್ಟರೆ ಅದೇ ಜಾಗಕ್ಕೆ ತಿಪ್ಪೆಯ ಲಕ್ಷಣ ಬರುತ್ತದೆ.

ನಮ್ಮ ಹಿರಿಯರ ಪದ್ಧತಿ

ಬಂದವರಿಗೆ ನೆಲದ ನಿಯಮ ಹೇಳುವುದನ್ನು ನಾವು ಅಮೆರಿಕದಿಂದ ಕಲಿಯಬೇಕಾಗಿಲ್ಲ. ಕೊಡಗಿನಲ್ಲಿ 1200ಕ್ಕೂ ಹೆಚ್ಚು ದೇವರಕಾಡುಗಳಿವೆ. ಅಲ್ಲಿ ಕತ್ತಿ ಹಾಕಬಾರದು, ಬೇಟೆಯಾಡಬಾರದು ಎಂಬುದು ಊರ ಮಗುವಿಗೂ ತಿಳಿದ ಕಟ್ಟು. ಶೃಂಗೇರಿಯ ತುಂಗೆಯ ಮೆಟ್ಟಿಲಲ್ಲಿ, ಶಿಶಿಲದ ಕಪಿಲೆಯಲ್ಲಿ ಮೀನುಗಳು ಮನುಷ್ಯರ ಕಾಲಬುಡಕ್ಕೆ ಬರುತ್ತವೆ. ಅವನ್ನು ಹಿಡಿಯಬಾರದೆಂಬುದು ಅಲ್ಲಿಗೆ ಕಾಲಿಟ್ಟ ಪರಸ್ಥಳದವನಿಗೂ ಹೇಗೋ ತಿಳಿದುಬಿಡುತ್ತದೆ. ಈ ಕಟ್ಟುಗಳು ಎಲ್ಲ ಕಡೆಯೂ ಮೊದಲಿನಷ್ಟು ಗಟ್ಟಿಯಾಗಿ ಉಳಿದಿಲ್ಲ, ದೇವರಕಾಡುಗಳೂ ಒತ್ತುವರಿಯಿಂದ ಕರಗಿವೆ. ಆದರೂ ಉಳಿದ ಕಡೆ ಏಕೆ ಉಳಿದಿವೆ ಎಂಬುದನ್ನು ಯೋಚಿಸಬೇಕು.

ಅಲ್ಲಿ ನಿಯಮ ಒಂದೋ ಎರಡೋ, ಇಪ್ಪತ್ತಲ್ಲ. ಎಲ್ಲಿಂದ ಶುರು ಎಂಬ ಗಡಿ ಕಣ್ಣಿಗೆ ಕಾಣುತ್ತದೆ: ಒಂದು ಕಲ್ಲು, ಒಂದು ಮೆಟ್ಟಿಲು, ಚಪ್ಪಲಿ ಬಿಡುವ ಜಾಗ. ಊರವರೇ ಮೊದಲು ಅದನ್ನು ಪಾಲಿಸುತ್ತಾರೆ. ಹೊಸಬ ಬಂದರೆ ಹತ್ತಿರವಿದ್ದ ಹಿರಿಯರೊಬ್ಬರು ಗದರದೆ, ಆದರೆ ತಪ್ಪದೆ, ಹೇಳುತ್ತಾರೆ. ಲಾಠಿ ಹಿಡಿದವರು ಯಾರೂ ಇಲ್ಲ. ಚಪ್ಪಲಿ ಬಿಟ್ಟು ಒಳಗೆ ಕಾಲಿಡುವವನು ಆ ಕ್ಷಣದಲ್ಲೇ ಬೇರೆ ಮನುಷ್ಯನಾಗಿರುತ್ತಾನೆ. ಬೆಟ್ಟದ ಬುಡದಲ್ಲಿ ಆಗಬೇಕಾದದ್ದೂ ಇದೇ. ತುದಿಯಲ್ಲಿ ಹೇಳಿ ಪ್ರಯೋಜನವಿಲ್ಲ, ಬುಡದಲ್ಲಿ ಹೇಳಬೇಕು. ಬೆಟ್ಟದ ಬುಡದಲ್ಲಿ ಮನೆ ಇರುವುದು ನಮಗೆ.

ಬೇರೆ ಕಡೆ ಮಾಡಿ ನೋಡಿದ್ದು

ಸಿಕ್ಕಿಂ ರಾಜ್ಯದಲ್ಲಿ ಕಾಂಚನಜುಂಗಾ ರಾಷ್ಟ್ರೀಯ ಉದ್ಯಾನದ ಚಾರಣ ಹೊರಡುವುದು ಯುಕ್ಸಂ ಎಂಬ ಹಳ್ಳಿಯಿಂದ. ಅಲ್ಲಿನ ಹಳ್ಳಿಯವರೇ 1996ರಲ್ಲಿ ಒಂದು ಸಮಿತಿ ಮಾಡಿಕೊಂಡರು. ಬೆಟ್ಟ ಹತ್ತುವ ಮುಂಚೆ ಚಾರಣಿಗರು ತಮ್ಮ ಬಳಿ ಇರುವ, ಕಸವಾಗಬಹುದಾದ ಸಾಮಾನುಗಳ ಪಟ್ಟಿ ಬರೆಸಬೇಕು: ಇಷ್ಟು ಬಾಟಲಿ, ಇಷ್ಟು ಪೊಟ್ಟಣ, ಇಷ್ಟು ಡಬ್ಬಿ. ಇಳಿದು ಬಂದಾಗ ಅದೇ ಪಟ್ಟಿ ಹಿಡಿದು ತಾಳೆ ನೋಡುತ್ತಾರೆ; ಲೆಕ್ಕ ತಪ್ಪಿದರೆ ದಂಡ. ದಂಡದ ಭಯಕ್ಕಿಂತ ಹೆಚ್ಚಿನ ಕೆಲಸ ಮಾಡುವುದು ಎಣಿಕೆ ಎಂದು ನಮ್ಮ ಅಭಿಪ್ರಾಯ. ತನ್ನ ಚೀಲದಲ್ಲಿ ಏನೇನಿದೆ ಎಂದು ಒಮ್ಮೆ ಬಾಯಿಬಿಟ್ಟು ಹೇಳಿದವನು ಅದನ್ನು ದಾರಿಯಲ್ಲಿ ಮರೆಯುವುದು ಕಷ್ಟ.

ನಮ್ಮ ನೆರೆಯ ನೀಲಗಿರಿ ಜಿಲ್ಲೆಯಲ್ಲಿ ಒಡೆದ ಮದ್ಯದ ಬಾಟಲಿಗಳಿಂದ ಆನೆ ಮೊದಲಾದ ಪ್ರಾಣಿಗಳ ಕಾಲಿಗೆ ಗಾಯವಾಗುವ ವಿಷಯ ಮದರಾಸು ಉಚ್ಚ ನ್ಯಾಯಾಲಯದ ಮುಂದೆ ಬಂದಿತು. ಅದರ ಫಲವಾಗಿ 2022ರಲ್ಲಿ ಅಲ್ಲಿನ ಸರ್ಕಾರಿ ಮದ್ಯದಂಗಡಿಗಳಲ್ಲಿ ಒಂದು ಬಾಟಲಿಗೆ 10 ರೂಪಾಯಿ ಹೆಚ್ಚು ಪಡೆದು, ಖಾಲಿ ಬಾಟಲಿ ತಂದುಕೊಟ್ಟವರಿಗೆ ಆ ಹಣವನ್ನು ಹಿಂದಿರುಗಿಸುವ ಪದ್ಧತಿ ಬಂತು. ಮಾರಾಟವಾದ ಬಾಟಲಿಗಳಲ್ಲಿ ಬಹುಪಾಲು ವಾಪಸು ಬಂದವು. ಕೊಂಡವನು ಎಸೆದರೂ ಮತ್ತೊಬ್ಬ ಹೆಕ್ಕಿ ತಂದು ಕೊಡುತ್ತಾನೆ, ಏಕೆಂದರೆ ಎಸೆದದ್ದು ಈಗ ಗಾಜಲ್ಲ, ಹತ್ತು ರೂಪಾಯಿ. ಹಿಂದೆ ಸೋಡಾ ಬಾಟಲಿಗೆ ಅಂಗಡಿಯವರು ಠೇವಣಿ ಹಿಡಿಯುತ್ತಿದ್ದುದನ್ನು ಬಲ್ಲ ಹಿರಿಯ ಸದಸ್ಯರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು.

ಎರಡು ಕಡೆಯೂ ಉಪದೇಶ ಕಡಿಮೆ, ವ್ಯವಸ್ಥೆ ಹೆಚ್ಚು. ಒಳ್ಳೆಯದನ್ನು ಮಾಡುವುದು ಸುಲಭವಾಗುವಂತೆ, ಕೆಟ್ಟದ್ದನ್ನು ಮಾಡುವುದು ತುಸು ಕಷ್ಟವಾಗುವಂತೆ ಮಾಡಿದ್ದಾರೆ. ಅದನ್ನೇ ನಮ್ಮ ಅಳತೆಗೆ ತಗ್ಗಿಸಿಕೊಂಡರೆ ಎರಡು ಮೂರು ಎಕರೆಯ ಬೆಳೆಗಾರನೂ ಮಾಡಬಹುದಾದ ಕೆಲಸಗಳಿವೆ.

ನಾವು ಮಾಡಬಹುದಾದ ಕೆಲಸಗಳು

1. ಬಂದ ಕೂಡಲೇ ಮಾತು. ಹೋಂಸ್ಟೇ ನಡೆಸುವ ಸದಸ್ಯರು ಅತಿಥಿಗಳಿಗೆ ಕಾಫಿ ಕೊಡುವ ಹೊತ್ತಿನಲ್ಲೇ ನಾಲ್ಕು ಮಾತು ಹೇಳಿಬಿಡಬೇಕು. ಮರುದಿನ ಬೆಟ್ಟದಿಂದ ಇಳಿದು ಬಂದ ಮೇಲೆ ಹೇಳಿದರೆ ಅದು ಆಕ್ಷೇಪಣೆಯಾಗುತ್ತದೆ. ಮೊದಲೇ ಹೇಳಿದರೆ ಮನೆಯ ರೀತಿ ಎನಿಸುತ್ತದೆ. "ಇಗೊಳ್ಳಿ, ಈಗ ಕುಡಿದಿರಲ್ಲ, ಆ ಕಾಫಿಯ ನೀರು ಮೇಲಿನ ಅಬ್ಬಿಯದು. ನಾಳೆ ಅಲ್ಲಿಗೆ ಹೋದಾಗ ಸೋಪು ಮಾತ್ರ ಹಚ್ಚಬೇಡಿ" ಎಂದರೆ ಯಾವ ಅತಿಥಿಯೂ ಮುಖ ತಿರುಗಿಸುವುದಿಲ್ಲ. ಕಾರಣ ಸಹಿತ ಹೇಳಿದ ಮಾತು ನಿಲ್ಲುತ್ತದೆ. ಸಂಸಾರದೊಡನೆ ಬಂದವರಾದರೆ ಮಕ್ಕಳಿಗೂ ಹೇಳಿ. ದಾರಿಯಲ್ಲಿ ತಂದೆ ತಾಯಿಗೆ ನೆನಪು ಮಾಡುವವರು ಅವರೇ.

2. ಕುಡಿಯುವ ನೀರು. ಬಾಟಲಿ ಎಸೆಯಬೇಡಿ ಎನ್ನುವುದಕ್ಕಿಂತ ಬಾಟಲಿ ಕೊಳ್ಳುವ ಅಗತ್ಯವೇ ಬಾರದಂತೆ ಮಾಡುವುದು ಮೇಲು. ಕಾಯಿಸಿ ಆರಿಸಿದ ನೀರಿನ ಹಂಡೆಯೊಂದು ಜಗಲಿಯ ಮೇಲಿರಲಿ. ಬೆಟ್ಟಕ್ಕೆ ಹೊರಟವರ ಬಾಟಲಿಗಳನ್ನು ತುಂಬಿಸಿಯೇ ಕಳುಹಿಸೋಣ. ಬುತ್ತಿ ಕೊಡುವುದಾದರೆ ಬಾಳೆಲೆಯಲ್ಲಿ ಕಟ್ಟಿಕೊಡಬಹುದು, ಇಲ್ಲವೇ ವಾಪಸು ತರುವ ಮಾತಿನ ಮೇಲೆ ಸ್ಟೀಲಿನ ಡಬ್ಬಿಯಲ್ಲಿ ಕೊಡಬಹುದು.

3. ಒಂದು ಬಟ್ಟೆಯ ಚೀಲ. ಹೊರಡುವಾಗ ಕಾರಿಗೊಂದು ಹಳೆಯ ಬಟ್ಟೆಯ ಚೀಲ ಕೊಟ್ಟು, "ಕಸವೆಲ್ಲ ಇದರಲ್ಲಿ ಹಾಕಿ ತನ್ನಿ, ಇಲ್ಲಿ ನಾವು ವಿಲೇವಾರಿ ಮಾಡುತ್ತೇವೆ" ಎನ್ನಬೇಕು. ಕೈಗೆ ಚೀಲ ಕೊಟ್ಟಾಗ ಅದು ಬೇಡಿಕೆಯಲ್ಲ, ಒಪ್ಪಂದ. ತಂದ ಕಸವನ್ನು ಗ್ರಾಮ ಪಂಚಾಯತಿಯ ಕಸದ ಗಾಡಿಗೆ ವಿಂಗಡಿಸಿ ಕೊಡಬೇಕೇ ಹೊರತು ಹಿತ್ತಲಲ್ಲಿ ಸುಡಕೂಡದು. ಪ್ಲಾಸ್ಟಿಕ್ಕಿನ ಹೊಗೆ ವಿಷ.

4. ಬೋರ್ಡಿನ ಭಾಷೆ. ಬೋರ್ಡು ಚಿಕ್ಕದಿರಲಿ, ಒಂದೇ ವಿಷಯ ಹೇಳಲಿ, ಆ ಕೆಲಸ ನಡೆಯುವ ಜಾಗದಲ್ಲೇ ಇರಲಿ. ಹಳ್ಳದ ದಂಡೆಯಲ್ಲಿ: "ಈ ನೀರನ್ನು ಕೆಳಗಿನ ಮನೆಗಳವರು ಕುಡಿಯುತ್ತಾರೆ. ದಯವಿಟ್ಟು ಸೋಪು ಬಳಸಬೇಡಿ." ಘಾಟಿಯ ತಿರುವಿನಲ್ಲಿ: "ಮಂಗಗಳಿಗೆ ಕಾಡಿನಲ್ಲಿ ಆಹಾರವಿದೆ. ದಯವಿಟ್ಟು ಏನೂ ಕೊಡಬೇಡಿ." ಉಣುಗೋಲಿನ ಬಳಿ: "ತೋಟದಲ್ಲಿ ಹೂ ಅರಳಿದೆ. ದಾರಿಯಿಂದಲೇ ನೋಡಿ ಸಂತೋಷಪಡಿ." ಕಾಫಿ ಹೂವಿನ ಮೂರು ನಾಲ್ಕು ದಿನ ಫೋಟೋ ತೆಗೆಯಲು ಗಿಡಗಳ ನಡುವೆ ನುಗ್ಗಿ ರೆಂಬೆ ಅಲುಗಿಸುವವರಿಗೆ ಆ ಹೂವೇ ನಮ್ಮ ಒಂದು ವರ್ಷದ ಅನ್ನವೆಂದು ಗೊತ್ತಿರುವುದಿಲ್ಲ. ಗೊತ್ತಾದರೆ ಬಹಳ ಮಂದಿ ತಾವಾಗಿಯೇ ಹಿಂದೆ ಸರಿಯುತ್ತಾರೆ.

5. ಒಳ್ಳೆಯವರ ಲೆಕ್ಕ ಹೇಳುವುದು. ಅಮೆರಿಕದ ಹೋಟೆಲೊಂದರಲ್ಲಿ ನಡೆದು 2008ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಪರಿಸರದ ಸಲುವಾಗಿ ಒಂದೇ ಟವೆಲನ್ನು ಮತ್ತೆ ಬಳಸಿ ಎಂದು ಕೇಳಿದಾಗ ನೂರಕ್ಕೆ 35 ಅತಿಥಿಗಳು ಒಪ್ಪಿದರು. ಇಲ್ಲಿ ತಂಗುವ ಅತಿಥಿಗಳಲ್ಲಿ ಹೆಚ್ಚಿನವರು ಹಾಗೆ ಮಾಡುತ್ತಾರೆ ಎಂದು ತಿಳಿಸಿದಾಗ 44 ಮಂದಿ ಒಪ್ಪಿದರು. ಮುಂದೆ ಜರ್ಮನಿಯಲ್ಲಿ ಮಾಡಿ ನೋಡಿದಾಗ ಇಂತಹ ವ್ಯತ್ಯಾಸ ಕಾಣಲಿಲ್ಲ. ಆದುದರಿಂದ ಇದನ್ನು ಮಂತ್ರವೆಂದು ತಿಳಿಯಬೇಕಾಗಿಲ್ಲ. ಆದರೂ "ನಮ್ಮಲ್ಲಿ ತಂಗಿದವರು ಸಾಮಾನ್ಯವಾಗಿ ಚೀಲ ತುಂಬಿಸಿಯೇ ತರುತ್ತಾರೆ" ಎಂಬ ಮಾತಿಗೆ ಖರ್ಚಿಲ್ಲ. ಒಂದೇ ಷರತ್ತು, ಆ ಮಾತು ನಿಜವಿರಬೇಕು. ಆದಕಾರಣ ಮೊದಲ ವರ್ಷ ಚೀಲ ಕೊಡಿ, ಎರಡನೆಯ ವರ್ಷ ಈ ಮಾತು ಹೇಳಿ.

6. ಬೆಂಕಿಯ ತಿಂಗಳು. ಫೆಬ್ರವರಿಯಿಂದ ಹೂಮಳೆ ಬೀಳುವ ತನಕ ಬೆಟ್ಟದಲ್ಲಿ ಒಲೆ, ಬೀಡಿ, ಸಿಗರೇಟು ಬೇಡವೆಂದು ಮುಲಾಜಿಲ್ಲದೆ ಹೇಳಬೇಕು. ಉಳಿದ ವಿಷಯಗಳಲ್ಲಿ ವಿನಂತಿ, ಇದರಲ್ಲಿ ಮಾತ್ರ ಕಟ್ಟಪ್ಪಣೆ. ಬೆಂಕಿ ಕಂಡರೆ ಕರೆಯಬೇಕಾದ ಅರಣ್ಯ ಇಲಾಖೆಯ ದೂರವಾಣಿ ಸಂಖ್ಯೆಯನ್ನು ಪ್ರತಿ ಹೋಂಸ್ಟೇಯ ಗೋಡೆಯ ಮೇಲೆ ಅತಿಥಿಗೂ ಕಾಣುವಂತೆ ಬರೆದಿಡಬೇಕು.

7. ಜೀಪು ಮತ್ತು ಅಂಗಡಿಯವರು. ಬೆಟ್ಟಕ್ಕೆ ಬಾಡಿಗೆ ಓಡಿಸುವ ಜೀಪಿನ ಹುಡುಗರು, ಬುಡದಲ್ಲಿ ಚಹಾ, ಚುರುಮುರಿ ಮಾರುವವರು ನಮ್ಮ ಊರಿನವರೇ. ಪ್ರವಾಸಿಗನ ಕಿವಿಗೆ ಕೊನೆಯದಾಗಿ ಬೀಳುವ ಮಾತು ಅವರದು. ಅವರನ್ನು ಕರೆದು ಕೂರಿಸಿ ಮಾತನಾಡದೆ ನಾವು ಎಷ್ಟು ಬೋರ್ಡು ನೆಟ್ಟರೂ ಅರ್ಧ ಕೆಲಸವೇ. ಅಂಗಡಿಯವರು ತಾವು ಮಾರಿದ ಬಾಟಲಿಗೆ ಐದೋ ಹತ್ತೋ ರೂಪಾಯಿ ಠೇವಣಿ ಹಿಡಿದು ವಾಪಸು ಪಡೆಯಲು ಒಪ್ಪಿದರೆ ನೀಲಗಿರಿಯ ಪದ್ಧತಿಯೇ ನಮ್ಮ ಊರಿಗೂ ಬಂದ ಹಾಗೆ. ಜೀಪು ಹಳೆಯ ಜಾಡು ಬಿಟ್ಟು ಹುಲ್ಲಿನ ಮೇಲೆ ಇಳಿಯದಿದ್ದರೆ ಅವರ ಮುಂದಿನ ವರ್ಷದ ಬಾಡಿಗೆಯೂ ಉಳಿಯುತ್ತದೆ.

ಗಿರಾಕಿ ತಪ್ಪಿ ಹೋದರೆ?

ಇಷ್ಟೆಲ್ಲ ಹೇಳಿದರೆ ಅತಿಥಿಗಳು ಬೇಸರಪಟ್ಟು ಪಕ್ಕದ ಮನೆಗೆ ಹೋಗುತ್ತಾರೆ ಎಂಬ ಅಳುಕು ಕೆಲವು ಸದಸ್ಯರಿಗಿರುವುದು ಸಹಜ. ಒಬ್ಬರೇ ಹೇಳಿದರೆ ಆ ಭಯ ನಿಜ. ಅದಕ್ಕೆಂದೇ ಇದು ಸಂಘದ ಕೆಲಸವಾಗಬೇಕೆಂದು ನಾವು ಹೇಳುತ್ತಿರುವುದು. ಒಂದು ರಸ್ತೆಯ ಎಲ್ಲ ಮನೆಗಳಲ್ಲೂ ಅದೇ ಚೀಲ, ಅದೇ ಮಾತು, ಅದೇ ಬೋರ್ಡು ಇದ್ದರೆ ಪಕ್ಕದ ಮನೆಗೆ ಹೋದವನಿಗೂ ಅದೇ ಕಾಫಿಯೊಡನೆ ಅದೇ ಮಾತು ಸಿಗುತ್ತದೆ. ಕಾಫಿ, ಅಡಿಕೆಯ ಮಾರಾಟದಲ್ಲಿ ಒಟ್ಟಾಗಿ ನಿಂತದ್ದರಿಂದ ನಮಗೆ ಬಂದ ಬಲವೇ ಇಲ್ಲಿಯೂ ಬರುತ್ತದೆ. ಮೇಲಾಗಿ, ಬೆಟ್ಟ ಹಾಳಾದ ಮೇಲೆ ಗಿರಾಕಿಯನ್ನು ಉಳಿಸಿಕೊಳ್ಳುವ ಉಪಾಯ ಯಾರ ಬಳಿಯೂ ಇಲ್ಲ. ಅತಿಥಿ ಬರುವುದು ನಮ್ಮ ಕೋಣೆಯ ಮಂಚ ನೋಡಲಿಕ್ಕಲ್ಲ.

ಮತ್ತೊಂದು ಮಾತನ್ನೂ ಹೇಳದೆ ವಿಧಿಯಿಲ್ಲ. ಬಂದವರಿಗೆ ಹೇಳುವ ಮನೆಯ ಅಂಗಳ ಮೊದಲು ಚೊಕ್ಕಟವಿರಬೇಕು. ಔಷಧಿಯ ಖಾಲಿ ಡಬ್ಬಿಗಳು ಹಳ್ಳದ ದಂಡೆಯಲ್ಲಿ ಬಿದ್ದಿದ್ದರೆ, ಗೊಬ್ಬರದ ಚೀಲಗಳು ಬೇಲಿಗೆ ಸಿಕ್ಕಿಕೊಂಡು ಹಾರುತ್ತಿದ್ದರೆ, ಪಲ್ಪರಿನ ನೀರು ನೇರವಾಗಿ ತೋಡಿಗೆ ಇಳಿಯುತ್ತಿದ್ದರೆ ನಮ್ಮ ಬೋರ್ಡನ್ನು ಓದಿದ ಅತಿಥಿ ನಗುತ್ತಾನೆ. ಚೊಕ್ಕಟ ನೆಲದಲ್ಲಿ ಕಸ ಎಸೆಯುವವರು ಕಡಿಮೆ ಎಂಬ ಲೆಕ್ಕ ನಮ್ಮ ತೋಟಕ್ಕೂ ಅನ್ವಯಿಸುತ್ತದೆ. ಪಲ್ಪರಿನ ನೀರಿಗೆ ಹೊಂಡ ಮಾಡಿ, ಡಬ್ಬಿಗಳನ್ನು ಒಂದೆಡೆ ಕೂಡಿಟ್ಟು, ಆಮೇಲೆ ಬೋರ್ಡು ನೆಡೋಣ.

ಮುಂದಿನ ಹೆಜ್ಜೆ

ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಮೂರು ವಿಷಯಗಳು ಚರ್ಚೆಗೆ ಬರಲೆಂದು ನಮ್ಮ ಸೂಚನೆ. ಒಂದು, ಬಟ್ಟೆಯ ಚೀಲಗಳನ್ನು ಒಟ್ಟಿಗೆ ಹೊಲಿಸುವುದು. ಊರಿನ ಸ್ತ್ರೀಶಕ್ತಿ ಗುಂಪುಗಳಿಗೆ ಈ ಕೆಲಸ ವಹಿಸಬಹುದು. ಎರಡು, ಹಳ್ಳ, ಘಾಟಿ ಮತ್ತು ತೋಟದ ಬಾಗಿಲಿಗೆ ಒಂದೇ ಮಾದರಿಯ ಬೋರ್ಡುಗಳನ್ನು ಕನ್ನಡದಲ್ಲಿ, ಜೊತೆಗೆ ಇಂಗ್ಲಿಷಿನಲ್ಲಿ ಬರೆಸುವುದು. ಮೂರು, ರಜೆಯ ಮರುದಿನ ಬೆಳಗ್ಗೆ ಒಂದು ಗಂಟೆಯ ಕಾಲ ಸರದಿಯಂತೆ ರಸ್ತೆ ಬದಿಯ ಕಸ ಎತ್ತುವುದು ಮತ್ತು ಎತ್ತಿದ ಬಾಟಲಿ, ಪೊಟ್ಟಣಗಳ ಲೆಕ್ಕವನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು. ಈ ಮೂರನೆಯದು ಅತಿ ಮುಖ್ಯ. ನಾವು ಹೇಳಿದ ಮಾತು ನಾಟುತ್ತಿದೆಯೇ ಇಲ್ಲವೇ ಎಂಬುದನ್ನು ಆ ಪುಸ್ತಕವೇ ಹೇಳಬೇಕು. ಎರಡು ತಿಂಗಳಲ್ಲಿ ಲೆಕ್ಕ ಇಳಿಯದಿದ್ದರೆ ಬೋರ್ಡಿನ ಮಾತನ್ನು ಬದಲಾಯಿಸಿ ನೋಡೋಣ. ಇಳಿದರೆ ಆ ಲೆಕ್ಕವನ್ನು ಇದೇ ಪತ್ರಿಕೆಯಲ್ಲಿ ಪ್ರಕಟಿಸಿ ಮುಂದಿನ ಊರಿಗೂ ತಿಳಿಸೋಣ.

ತಮ್ಮ ಊರಿನಲ್ಲಿ ಇಂತಹ ಪ್ರಯತ್ನ ಮಾಡಿ ನೋಡಿದ ಸದಸ್ಯರು ಅದರ ಫಲವನ್ನು ಬರೆದು ಸಂಘದ ಕಚೇರಿಗೆ ಕಳುಹಿಸಬೇಕಾಗಿ ಕೋರುತ್ತೇವೆ. ಚೀಲ ಎಷ್ಟು ಕೊಟ್ಟಿರಿ, ಎಷ್ಟು ತುಂಬಿ ಬಂದವು ಎಂಬ ಎರಡು ಸಾಲಿದ್ದರೂ ಸಾಕು.